ದೇವನೂರಿನ ಜಗಲಿಯಲ್ಲಿ ಎರಡು ಲಕ್ಷ ಸೈನಿಕರು

ಈ ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳಿಬ್ಬರನ್ನೂ ಕರೆದುಕೊಂಡು ದೇವನೂರಿಗೆ ಹೋಗಿದ್ದೆ. ಅಲ್ಲಿ ನನ್ನ ಅಕ್ಕನ ಮನೆ. ಅಕ್ಕನಿಗೆ ಈಗ ಎಂಬತ್ತಮೂರು ವರ್ಷ. ಮೊಮ್ಮಗಳು ಎಂಟನೇ ಕ್ಲಾಸು, ಮೊಮ್ಮಗ ಆರನೇ ಕ್ಲಾಸು. ಹೊರಡುವ ಹಿಂದಿನ ರಾತ್ರಿ ಮೊಮ್ಮಗ ಬ್ಯಾಗಿಗೆ ಮೊದಲು ಹಾಕಿಕೊಂಡದ್ದು ಬಟ್ಟೆಯಲ್ಲ, ಒಂದು ಬೆಂಕಿಪೊಟ್ಟಣ.

"ಅದೇನೋ ಅದು?" ಎಂದೆ.

"ಸೈನ್ಯ, ತಾತ" ಎಂದ.

ತೆರೆದು ನೋಡಿದರೆ ನಿಜಕ್ಕೂ ಸೈನ್ಯವೇ! ಲೋಹದಲ್ಲಿ ಎರಕ ಹೊಯ್ದ ಪುಟಾಣಿ ಸಿಪಾಯಿಗಳು. ಒಬ್ಬೊಬ್ಬನೂ ಒಂದು ಅಕ್ಕಿಕಾಳಿನಷ್ಟು. ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದ ಮೇಲೆ ಟೋಪಿ, ಹೆಗಲ ಮೇಲಿನ ಬಂದೂಕು ಕಾಣಿಸಿದವು. ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವ ಅವನ ಸೋದರಮಾವ ಕಳಿಸಿದ್ದಂತೆ. ಅಲ್ಲಿ ದೊಡ್ಡವರೂ ಮೇಜಿನ ಮೇಲೆ ಗುಡ್ಡ, ಹೊಳೆ, ಊರು ಮಾಡಿ, ಇಂಥ ಸಿಪಾಯಿಗಳನ್ನು ನಿಲ್ಲಿಸಿ, ಚರಿತ್ರೆಯಲ್ಲಿ ನಡೆದ ಯುದ್ಧಗಳನ್ನು ಮತ್ತೆ ಆಡುತ್ತಾರೆ. ಇವು 6 ಮಿಲಿಮೀಟರ್ ಎತ್ತರದವು. ಮಕ್ಕಳೇ, ಒಂದು ಲೆಕ್ಕ ಮಾಡಿ. ಆರು ಅಡಿ ಆಳು ಎಂದರೆ ಸುಮಾರು 1800 ಮಿಲಿಮೀಟರ್. ಅವನನ್ನು 6 ಮಿಲಿಮೀಟರಿಗೆ ಇಳಿಸಿದರೆ ಎಷ್ಟು ಪಾಲು ಚಿಕ್ಕದಾಯಿತು? ಮುನ್ನೂರು ಪಾಲು. ಹಾಗೆ ಚಿಕ್ಕದು ಮಾಡಿದರೆ ಒಂದು ಊಟದ ಮೇಜಿನ ಮೇಲೆ ಇಡೀ ರಣರಂಗ ಹಿಡಿಯುತ್ತದೆ.

ಬೆಂಗಳೂರಿನಿಂದ ರೈಲು. ತುಮಕೂರು, ತಿಪಟೂರು, ಅರಸೀಕೆರೆ ದಾಟಿದರೆ ಕಡೂರು. ಕಡೂರಿನಲ್ಲಿ ಇಳಿದು, ಕಾಫಿ ಕುಡಿದು, ಬಸ್ಸು ಹತ್ತಿದೆವು. ಚಿಕ್ಕಮಗಳೂರು ಜಿಲ್ಲೆ ಎಂದರೆ ಎಲ್ಲರಿಗೂ ಕಾಫಿ ತೋಟ, ಮಳೆ, ಮಂಜು ನೆನಪಾಗುತ್ತವೆ. ಕಡೂರಿನ ಕಡೆ ಹಾಗಲ್ಲ, ಇದು ಬಯಲುಸೀಮೆ. ರಾಗಿ ಹೊಲ, ತೆಂಗಿನ ತೋಟ, ದಾರಿಯುದ್ದಕ್ಕೂ ಹುಣಸೆಮರ. ಬೇಸಿಗೆಯಲ್ಲಿ ಕೆಂಪು ಧೂಳು. ಆಕಾಶ ತಿಳಿಯಾಗಿದ್ದರೆ ಪಶ್ಚಿಮದ ಅಂಚಿನಲ್ಲಿ ಬಾಬಾಬುಡನ್‌ಗಿರಿಯ ಸಾಲು ನೀಲಿಯಾಗಿ ಕಾಣುತ್ತದೆ.

ಅಕ್ಕ ಬಾಗಿಲಲ್ಲೇ ಕಾದಿದ್ದಳು. ಕೈಕಾಲು ತೊಳೆದು, ತಿಂಡಿ ಮುಗಿಸಿ, ಸಂಜೆ ಲಕ್ಷ್ಮೀಕಾಂತಸ್ವಾಮಿಯ ಗುಡಿಗೆ ಹೋದೆವು. ಅಜ್ಜ ಅಜ್ಜಿಯರಿಗೆ ಈ ಹೆಸರು ಕೇಳಿದೊಡನೆ ಲಕ್ಷ್ಮೀಶ ಕವಿ ನೆನಪಾಗಿರುತ್ತಾನೆ. 'ಜೈಮಿನಿ ಭಾರತ' ಬರೆದ ಲಕ್ಷ್ಮೀಶ ತನ್ನ ಕಾವ್ಯದಲ್ಲಿ ದೇವಪುರದ ಲಕ್ಷ್ಮೀಕಾಂತನನ್ನು ನೆನೆಯುತ್ತಾನೆ. ಆ ದೇವಪುರ ನಮ್ಮ ದೇವನೂರೇ ಎಂಬುದು ಇಲ್ಲಿಯವರ ಹೆಮ್ಮೆ. ನಾನು ಚಿಕ್ಕವನಾಗಿದ್ದಾಗ ಊರೂರಲ್ಲಿ ಜೈಮಿನಿ ಓದಿಸುತ್ತಿದ್ದರು. ಒಬ್ಬರು ರಾಗವಾಗಿ ವಾರ್ಧಕ ಷಟ್ಪದಿ ಹಾಡುವುದು, ಇನ್ನೊಬ್ಬರು ಅರ್ಥ ಹೇಳುವುದು. ಓದು ಬಾರದ ಹೆಂಗಸರಿಗೂ ಕಥೆಯೆಲ್ಲ ಬಾಯಿಪಾಠ.

"ಅದರಲ್ಲಿ ಯುದ್ಧ ಇದೆಯಾ ತಾತ?" ಮೊಮ್ಮಗನ ಪ್ರಶ್ನೆ.

"ಯುದ್ಧ ಬಿಟ್ಟು ಬೇರೇನಿದೆ ಕೇಳು" ಎಂದೆ. ಕುರುಕ್ಷೇತ್ರ ಮುಗಿದಿದೆ. ತನ್ನವರನ್ನೆಲ್ಲ ಕೊಂದೆನಲ್ಲಾ ಎಂದು ಧರ್ಮರಾಯನಿಗೆ ದುಃಖ. ಅದರ ಪರಿಹಾರಕ್ಕೆ ಅಶ್ವಮೇಧ ಯಾಗ. ಕುದುರೆಯನ್ನು ಬಿಡುತ್ತಾರೆ, ಹಿಂದೆ ಅರ್ಜುನನ ಸೈನ್ಯ. ಯಾರು ಕುದುರೆಯನ್ನು ಕಟ್ಟುತ್ತಾರೋ ಅವರೊಡನೆ ಕಾಳಗ. ಸುಧನ್ವ ಎದುರಾಗುತ್ತಾನೆ, ಪ್ರಮೀಳೆ ಎದುರಾಗುತ್ತಾಳೆ. ಮುಂದೆ ಮಣಿಪುರದಲ್ಲಿ ಅರ್ಜುನನ ಸ್ವಂತ ಮಗ ಬಭ್ರುವಾಹನನೇ ಎದುರು ನಿಲ್ಲಬೇಕಾಗುತ್ತದೆ. ಮಗನ ಬಾಣಕ್ಕೆ ತಂದೆ ಬೀಳುತ್ತಾನೆ. ಆಮೇಲೆ ನಾಗಲೋಕದಿಂದ ಸಂಜೀವಕ ಮಣಿ ತಂದು ಅವನನ್ನು ಬದುಕಿಸುತ್ತಾರೆ.

"ಹಾಗಾದರೆ ಔಟಾದವರು ಮತ್ತೆ ಆಟಕ್ಕೆ ಬರಬಹುದು!" ಎಂದ ಮೊಮ್ಮಗ. ಅವನಿಗೆ ಆ ನಿಯಮ ಬಹಳ ಹಿಡಿಸಿತು.

ಮಾರನೇ ದಿನ ಬೆಳಿಗ್ಗೆಯೇ ಜಗಲಿಯ ಮೇಲೆ ಬೆಂಕಿಪೊಟ್ಟಣ ಬಿಚ್ಚಿದ. ಇದ್ದವರು ನಲವತ್ತೇ ಮಂದಿ. ಅವರೂ ನೆಪೋಲಿಯನ್ ಕಾಲದ ಫ್ರಾನ್ಸಿನ ಸಿಪಾಯಿಗಳು. "ಇಲ್ಲಿಯ ಯುದ್ಧಕ್ಕೆ ಇವರು ಯಾಕೆ ಬರುತ್ತಾರೆ? ನಮ್ಮ ಕಡೆಯ ಯುದ್ಧ ಹೇಳು ತಾತ" ಎಂದಳು ಮೊಮ್ಮಗಳು.

ನಾನು ಸೊರಟೂರಿನ ಕಾಳಗ ಹೇಳಿದೆ. ಸುಮಾರು 1190ರಲ್ಲಿ ಈಗಿನ ಗದಗದ ಹತ್ತಿರ ನಡೆದದ್ದು. ಒಂದು ಕಡೆ ನಮ್ಮ ಹೊಯ್ಸಳರ ವೀರಬಲ್ಲಾಳ, ಅಂದರೆ ಎರಡನೇ ಬಲ್ಲಾಳ. ಇನ್ನೊಂದು ಕಡೆ ದೇವಗಿರಿಯ ಸೇವುಣರ ಐದನೇ ಭಿಲ್ಲಮ. ಕಲ್ಯಾಣದ ಚಾಲುಕ್ಯರ ರಾಜ್ಯ ಕುಸಿದಿತ್ತು. ಅದರ ನಡುವಿನ ಒಳ್ಳೆಯ ಭೂಮಿ ಯಾರಿಗೆ ಎಂದು ಉತ್ತರದಿಂದ ಒಬ್ಬ, ದಕ್ಷಿಣದಿಂದ ಒಬ್ಬ ಬಂದರು. ಭಿಲ್ಲಮನ ಸೈನ್ಯದಲ್ಲಿ ಎರಡು ಲಕ್ಷ ಕಾಲಾಳು, ಹನ್ನೆರಡು ಸಾವಿರ ಕುದುರೆ ಇತ್ತೆಂದೂ ಬಲ್ಲಾಳ ಅದನ್ನು ಸೋಲಿಸಿ ಕೃಷ್ಣಾ ನದಿಯವರೆಗೆ ಅಟ್ಟಿದನೆಂದೂ ಹೊಯ್ಸಳರ ಶಾಸನ ಹೇಳುತ್ತದೆ. ಶಾಸನ ಬರೆಸುವುದು ಗೆದ್ದವರು. ಸೋತವನ ಸೈನ್ಯ ಎಷ್ಟು ದೊಡ್ಡದೋ ಗೆದ್ದವನ ಹೆಸರು ಅಷ್ಟು ದೊಡ್ಡದು. ಆದ್ದರಿಂದ ಎಣಿಕೆಯಲ್ಲಿ ಸ್ವಲ್ಪ ಧಾರಾಳ ಮಾಡಿರಲೂಬಹುದು.

"ಎರಡು ಲಕ್ಷ ಸಿಪಾಯಿಗಳನ್ನು ಎಲ್ಲಿಂದ ತರೋದು?" ಮೊಮ್ಮಗ ತಲೆಯ ಮೇಲೆ ಕೈಹೊತ್ತ.

ಅಕ್ಕ ಜಗಲಿಯ ಇನ್ನೊಂದು ತುದಿಯಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಾ ಕುಳಿತಿದ್ದಳು. ಪಕ್ಕದ ಮೊರದಲ್ಲಿ ಕಂದು ಬಣ್ಣದ ಬೀಜಗಳ ರಾಶಿ. ಮಕ್ಕಳು ನನ್ನ ಮುಖ ನೋಡಿದರು, ನಾನು ಅಕ್ಕನ ಮುಖ ನೋಡಿದೆ.

"ತಗೊಳ್ಳಿ. ಆದರೆ ಎಣಿಸಿ ತಗೊಂಡು ಎಣಿಸಿ ವಾಪಸ್ ಕೊಡಬೇಕು. ಬೀಜ ಕೊಳ್ಳೋನು ಬರ್ತಾನೆ" ಎಂದಳು ಅಕ್ಕ.

ಒಂದು ಬೀಜಕ್ಕೆ ಸಾವಿರ ಆಳು. ಎರಡು ಲಕ್ಷಕ್ಕೆ ಇನ್ನೂರು ಬೀಜ. ಭಿಲ್ಲಮನ ಕುದುರೆಗಳಿಗೆ ಹನ್ನೆರಡು ಕಡಲೆಕಾಳು. ಬಲ್ಲಾಳನಿಗೆ ನೂರು ಅವರೆಕಾಳು, ಇಪ್ಪತ್ತು ಗುಲಗಂಜಿ ಎಂದು ನಾವೇ ಗೊತ್ತುಮಾಡಿಕೊಂಡೆವು. ಅವನಿಗೆ ಕುದುರೆ ಹೆಚ್ಚು ಕೊಟ್ಟದ್ದಕ್ಕೂ ಕಾರಣ ಉಂಟು. ಸೊರಟೂರಿಗೆ ಮುಂಚೆ ಚಾಲುಕ್ಯರ ದಂಡನಾಯಕ ಬ್ರಹ್ಮನ ಆನೆಗಳ ಸೈನ್ಯವನ್ನು ಬಲ್ಲಾಳ ಬರೀ ಕುದುರೆಗಳಿಂದಲೇ ಗೆದ್ದನೆಂದು ಗದುಗಿನ 1192ರ ಶಾಸನದಲ್ಲಿದೆ.

ಜಗಲಿಯ ಮೇಲೆ ರಂಗೋಲಿ ಪುಡಿಯಲ್ಲಿ ಕೃಷ್ಣಾ ನದಿ ಎಳೆದಳು ಮೊಮ್ಮಗಳು. ಮಡಿಸಿದ ಗೋಣಿಚೀಲ ಗುಡ್ಡವಾಯಿತು. ಅವಳು ಬಲ್ಲಾಳ, ತಮ್ಮ ಭಿಲ್ಲಮ, ನಾನು ನ್ಯಾಯ ಹೇಳುವವನು. ದಾಳದ ಬದಲು ಚೌಕಾಬಾರದ ನಾಲ್ಕು ಕವಡೆ.

ನಿಯಮ ಬರೆದುಕೊಳ್ಳಿ ಮಕ್ಕಳೇ, ನೀವೂ ಆಡಬಹುದು. ಒಂದು ಸರದಿಗೆ ಕಾಲಾಳು ನಾಲ್ಕು ಬೆರಳು ನಡೆಯುತ್ತದೆ, ಕುದುರೆ ಒಂದು ಗೇಣು ಓಡುತ್ತದೆ. ಎದುರಾದಾಗ ಇಬ್ಬರೂ ಕವಡೆ ಹಾಕಬೇಕು. ಎಷ್ಟು ಅಂಗಾತ ಬಿದ್ದವೋ ಅಷ್ಟು ಗರ, ಎಲ್ಲವೂ ಬೋರಲಾದರೆ ಎಂಟು. ಕಡಿಮೆ ಬಿದ್ದವನು ಎಷ್ಟು ಕಡಿಮೆಯೋ ಅಷ್ಟು ಕಾಳು ಕಳೆದುಕೊಳ್ಳುತ್ತಾನೆ. ಗುಡ್ಡದ ಮೇಲಿದ್ದವನಿಗೆ ಒಂದು ಗರ ಹೆಚ್ಚು. ಪಕ್ಕದಿಂದ ಕುದುರೆ ನುಗ್ಗಿದರೆ ನಷ್ಟ ದುಪ್ಪಟ್ಟು. ಎಲ್ಲರೂ ಸಾಯುವವರೆಗೆ ಯಾವ ಸೈನ್ಯವೂ ನಿಲ್ಲುವುದಿಲ್ಲ, ಅದಕ್ಕೆ ಮುಂಚೆಯೇ ಧೈರ್ಯ ಕೆಡುತ್ತದೆ. ಆದ್ದರಿಂದ ಭಿಲ್ಲಮನ ಅರವತ್ತು ಬೀಜ ಅಥವಾ ಬಲ್ಲಾಳನ ನಲವತ್ತು ಕಾಳು ಬಿದ್ದರೆ ಆ ಕಡೆ ಸೋತಂತೆ.

ಇದೇನೂ ನಾವು ಹೊಸದಾಗಿ ಕಂಡುಹಿಡಿದದ್ದಲ್ಲ. ಆನೆ, ಕುದುರೆ, ರಥ, ಕಾಲಾಳು ಎಂಬ ಚತುರಂಗವನ್ನು ಮಣೆಯ ಮೇಲಿಟ್ಟು ಆಡುವುದನ್ನು ಜಗತ್ತಿಗೆ ಕಲಿಸಿದ್ದೇ ನಮ್ಮ ದೇಶ. 1824ರಲ್ಲಿ ಪ್ರಷ್ಯಾ ದೇಶದ ರೈಸ್‌ವಿಟ್ಸ್ ಎಂಬ ಸೈನ್ಯಾಧಿಕಾರಿ, ತನ್ನ ತಂದೆ ಶುರುಮಾಡಿದ್ದ ಯುದ್ಧದಾಟವನ್ನು ನಕಾಶೆಯ ಮೇಲೆ ದಾಳ ಹಾಕಿ ಆಡುವಂತೆ ಸುಧಾರಿಸಿದ. ಅಲ್ಲಿಯ ಸೈನ್ಯ ಅದನ್ನು ಅಧಿಕಾರಿಗಳ ಪಾಠಕ್ಕೇ ಇಟ್ಟುಕೊಂಡಿತು. ಕಾಲಯಂತ್ರದ ಕಥೆ ಬರೆದ ಎಚ್. ಜಿ. ವೆಲ್ಸ್ 1913ರಲ್ಲಿ ಆಟಿಕೆ ಸಿಪಾಯಿಗಳ ಯುದ್ಧಕ್ಕೆಂದೇ 'ಲಿಟಲ್ ವಾರ್ಸ್' ಎಂಬ ಪುಸ್ತಕ ಬರೆದರು. ನೆಲದ ಮೇಲೆ ಕುಳಿತು ಆಟಿಕೆ ಫಿರಂಗಿ ಹಾರಿಸುವ ಆಟ ಅದು. ನಿಜವಾದ ಯುದ್ಧಕ್ಕಿಂತ ಈ ಆಟವೇ ಎಷ್ಟೋ ಮೇಲು ಎಂದು ಅವರು ಆ ಪುಸ್ತಕದಲ್ಲೇ ಹೇಳಿದ್ದರು. ಮರುವರ್ಷವೇ, 1914ರಲ್ಲಿ, ಮೊದಲನೇ ಮಹಾಯುದ್ಧ ಶುರುವಾಯಿತು.

ನಮ್ಮ ಯುದ್ಧ ಊಟದ ಹೊತ್ತನ್ನೂ ದಾಟಿ ನಡೆಯಿತು. ಮೊಮ್ಮಗ ತನ್ನ ಇನ್ನೂರು ಬೀಜಗಳನ್ನು ಒಂದೇ ಗುಂಪಾಗಿ ಮುಂದೆ ನೂಕಿದ. ಅವನ ಅಕ್ಕ ಹತ್ತು ಗುಲಗಂಜಿಗಳನ್ನು ಗೋಣಿಚೀಲದ ಹಿಂದೆ ಅಡಗಿಸಿ, ಅವನು ಹತ್ತಿರ ಬರುವವರೆಗೆ ಕಾದು ಪಕ್ಕದಿಂದ ಬಿಟ್ಟಳು. ಎರಡು ಸಲ ಕವಡೆ ಎಂಟು ಬಿತ್ತು. ನೋಡನೋಡುತ್ತ ಭಿಲ್ಲಮನ ಸೈನ್ಯ ಒಡೆಯಿತು. ಕೊನೆಯ ಗರಕ್ಕೆ ಅವನ ಅರವತ್ತನಾಲ್ಕು ಬೀಜಗಳು ಬಿದ್ದಿದ್ದವು. ಅವಳ ಕಡೆ ಬಿದ್ದದ್ದು ಮೂವತ್ತೊಂದು ಕಾಳು.

"ಗೆದ್ದೆ!" ಎಂದು ಮೊಮ್ಮಗಳು ಎದ್ದು ಕುಣಿದಳು. ಮೊಮ್ಮಗ ಮುಖ ಊದಿಸಿಕೊಂಡು, ಬಿದ್ದ ಬೀಜಗಳನ್ನೆಲ್ಲ ಬಾಚಿ ಮೊರಕ್ಕೆ ಸುರಿಯಲು ಹೋದ.

"ಎಣಿಸಿ ಹಾಕಪ್ಪ" ಎಂದಳು ಅಕ್ಕ.

ಅವನು ಎಣಿಸಿದ. "ಅರವತ್ತನಾಲ್ಕು ದೊಡ್ಡಜ್ಜಿ. ಅಂದರೆ ಅರವತ್ತನಾಲ್ಕು ಸಾವಿರ. ಅವಳದು ಮೂವತ್ತೊಂದು ಸಾವಿರ. ಒಟ್ಟು ತೊಂಬತ್ತೈದು ಸಾವಿರ ಜನ ಔಟ್!"

ಅಕ್ಕ ಒಂದು ಬೀಜವನ್ನು ಎತ್ತಿಕೊಂಡಳು. "ಇದರಲ್ಲಿ ಸಾವಿರ ಜನವೇ?"

"ಹೂಂ."

"ಎಲ್ಲರಿಗೂ ಮನೆ ಇತ್ತೇನೋ?"

ಮೊಮ್ಮಗನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಕ್ಕ ನಡುಮನೆಯ ಗೋಡೆಯ ಕಡೆ ನೋಡಿದಳು. ಅಲ್ಲಿ ಸೈನ್ಯದ ಸಮವಸ್ತ್ರ ತೊಟ್ಟ ಹುಡುಗನ ಫೋಟೊ ಇದೆ. ಅಕ್ಕನ ಮೈದುನ. ಅಕ್ಕ ಮದುವೆಯಾಗಿ ಈ ಮನೆಗೆ ಬಂದಾಗ ಅವನಿಗೆ ಏಳು ವರ್ಷ. ತಾಯಿಯಿಲ್ಲದ ಹುಡುಗ. ಅಕ್ಕನೇ ತಲೆ ಬಾಚಿ, ಬುತ್ತಿ ಕಟ್ಟಿ ಸ್ಕೂಲಿಗೆ ಕಳಿಸುತ್ತಿದ್ದಳು. ದೊಡ್ಡವನಾದ ಮೇಲೆ ಸೈನ್ಯಕ್ಕೆ ಸೇರಿದ. 1971ರ ಡಿಸೆಂಬರಿನ ಯುದ್ಧಕ್ಕೆ ಹೋದವನು ಬರಲಿಲ್ಲ, ತಂತಿ ಬಂತು. ಇಪ್ಪತ್ತೊಂದು ತುಂಬಿತ್ತಷ್ಟೆ. ಇದೆಲ್ಲ ನನಗೆ ಗೊತ್ತಿತ್ತು. ಆದರೂ ಬೆಳಿಗ್ಗೆ ಅವಳ ಕಣ್ಣೆದುರಿಗೇ 'ಒಂದು ಬೀಜಕ್ಕೆ ಸಾವಿರ ಆಳು' ಎಂದು ಲೆಕ್ಕ ಹೇಳಿದವನು ನಾನೇ. ನನಗೆ ನಾಚಿಕೆಯಾಯಿತು.

"ಬೇಜಾರಾಯಿತೇನಕ್ಕ?" ಎಂದೆ.

"ಮಕ್ಕಳು ಆಡಿದರೆ ಬೇಜಾರೇನು? ಅವನೂ ಇದೇ ಜಗಲಿ ಮೇಲೆ ಆಡು-ಹುಲಿ ಆಡ್ತಿದ್ದ. ಹುಲಿ ಅವನಿಗೇ ಬೇಕು" ಎಂದು ಅಕ್ಕ ಮತ್ತೆ ಹುಣಸೆಹಣ್ಣು ಕುಟ್ಟತೊಡಗಿದಳು. ಮೊಮ್ಮಗ ಬಹಳ ಹೊತ್ತು ಆ ಫೋಟೊ ನೋಡುತ್ತ ನಿಂತಿದ್ದ.

ಮೂರನೇ ದಿನ ಅಮೃತಾಪುರಕ್ಕೆ ಹೊರಟೆವು. ಬೀರೂರು ದಾಟಿ ತರೀಕೆರೆ, ಅಲ್ಲಿಂದ ಸುಮಾರು ಹತ್ತು ಕಿಲೋಮೀಟರು. ಮಕ್ಕಳಿಗೆ ಬಲ್ಲಾಳನ ಕಾಲದ ಗುಡಿ ತೋರಿಸಬೇಕೆಂದು ನನ್ನ ಆಸೆ. ಅಮೃತೇಶ್ವರ ದೇವಸ್ಥಾನ ಕಟ್ಟಿದ್ದು 1196ರಲ್ಲಿ, ಸೊರಟೂರಿನ ಕಾಳಗ ಮುಗಿದು ಆರೇಳು ವರ್ಷಕ್ಕೆ. ಕಟ್ಟಿಸಿದವನು ಬಲ್ಲಾಳನ ದಂಡನಾಯಕ ಅಮೃತೇಶ್ವರ. ಇಲ್ಲಿಯ ಶಾಸನದಲ್ಲಿ ಕವಿಚಕ್ರವರ್ತಿ ಜನ್ನನ ಪದ್ಯಗಳಿವೆ. ಸಾಲು ಸಾಲು ಕಂಬಗಳು ಎಣ್ಣೆ ಹಚ್ಚಿದಂತೆ ಹೊಳೆಯುತ್ತವೆ.

ಗುಡಿಯ ಹೊರಗೋಡೆಯ ಮೇಲೆ ಕಥೆಯ ಚಿಕ್ಕ ಚಿಕ್ಕ ಫಲಕಗಳು ಒಟ್ಟು ನೂರನಲವತ್ತು. ದಕ್ಷಿಣದ ಕಡೆ ರಾಮಾಯಣ ಎಪ್ಪತ್ತು. ಉತ್ತರದ ಕಡೆ ಕೃಷ್ಣನ ಕಥೆ ಇಪ್ಪತ್ತೈದು, ಮಹಾಭಾರತ ನಲವತ್ತೈದು. ರಾಮಾಯಣದ ಫಲಕಗಳು ಪ್ರದಕ್ಷಿಣೆಗೆ ಎದುರು ದಿಕ್ಕಿನಲ್ಲಿ ಸಾಗುವುದು ಇಲ್ಲಿಯ ವಿಶೇಷ. ಮೊಮ್ಮಗ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. "ತಾತ, ಇವರೂ ನಮ್ಮ ಹಾಗೇ ಸೈನ್ಯವನ್ನು ಚಿಕ್ಕದು ಮಾಡಿದ್ದಾರೆ. ಆದರೆ ಒಬ್ಬೊಬ್ಬರಿಗೂ ಕೈ, ಕಾಲು, ಮುಖ ಎಲ್ಲ ಇದೆ" ಎಂದ.

ವಾಪಸ್ ಬರುವಾಗ ದಾರಿ ಪಕ್ಕದ ಹೊಲದ ಬದುವಿನಲ್ಲಿ ಒಂದು ವೀರಗಲ್ಲು ಕಂಡು ಆಟೊ ನಿಲ್ಲಿಸಿದೆ. ನಮ್ಮ ಸೀಮೆಯಲ್ಲಿ ಇವು ಬೇಕಾದಷ್ಟಿವೆ. ಮಕ್ಕಳು ಮೊದಲು ಅದನ್ನು ಬರೀ ಕಲ್ಲು ಎಂದುಕೊಂಡರು. ಧೂಳು ಒರೆಸಿ ತೋರಿಸಿದೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಸಾಲಿನಲ್ಲಿ ಕತ್ತಿ ಹಿಡಿದು ಹೋರಾಡುವ ವೀರ. ನಡುವೆ ಅವನನ್ನು ಅಪ್ಸರೆಯರು ಸ್ವರ್ಗಕ್ಕೆ ಕರೆದೊಯ್ಯುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಅವನು ಕೈಮುಗಿದು ಕುಳಿತಿದ್ದಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವೆರಡು ಇರುವವರೆಗೆ ಇವನ ಹೆಸರೂ ಇರಲಿ ಎಂದು. ರಾಜರ ಯುದ್ಧದಲ್ಲಿ ಸತ್ತವರಿಗಷ್ಟೇ ಅಲ್ಲ, ಊರಿನ ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವರಿಗೂ ಇಂಥ ಕಲ್ಲು ನಿಲ್ಲಿಸುತ್ತಿದ್ದರು.

"ಇದರಲ್ಲಿ ಎಷ್ಟು ಸಾವಿರ ಜನ ತಾತ?" ಎಂದು ಕೇಳಿದಳು ಮೊಮ್ಮಗಳು.

"ಒಬ್ಬನೇ ಮಗಳೇ. ಒಬ್ಬನಿಗೆ ಒಂದು ಕಲ್ಲು."

ಮೊಮ್ಮಗ ಆ ಕಲ್ಲನ್ನು ಮುಟ್ಟಿ ನೋಡಿದ. ಆಟೊದಲ್ಲಿ ದಾರಿಯುದ್ದಕ್ಕೂ ಮಾತಾಡಲಿಲ್ಲ. ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಇದ್ದಕ್ಕಿದ್ದ ಹಾಗೆ, "ತಾತ, ನಮ್ಮ ಆಟಕ್ಕೆ ಇನ್ನೊಂದು ನಿಯಮ ಸೇರಿಸೋಣ" ಎಂದ. ಅವನ ನಿಯಮ ಇದು. ಆಟ ಶುರುವಾಗುವ ಮುಂಚೆ ಇಬ್ಬರೂ ತಮ್ಮ ಒಂದೊಂದು ಬೀಜಕ್ಕೆ ಬಿಳಿ ಚುಕ್ಕೆ ಇಟ್ಟು ಹೆಸರಿಡಬೇಕು. ಆ ಬೀಜ ಸಾವಿರ ಜನವಲ್ಲ, ಒಬ್ಬನೇ. ಅವನನ್ನು ಎಲ್ಲರ ಜೊತೆಗೇ ಯುದ್ಧಕ್ಕೆ ಕಳಿಸಬೇಕು, ಹಿಂದೆ ಬಚ್ಚಿಡುವಂತಿಲ್ಲ. ಆಟ ಮುಗಿದ ಮೇಲೆ ಗೆದ್ದವರು ಯಾರು ಎಂದು ಹೇಳುವ ಮುಂಚೆ ಅವರಿಬ್ಬರೂ ಏನಾದರು ಎಂದು ಹೇಳಬೇಕು.

"ಸಂಜೀವಕ ಮಣಿ?" ಎಂದು ಅಕ್ಕ ಅವನನ್ನು ಕೆಣಕಿದಳು.

"ಅದು ಕಥೆಯಲ್ಲಿ ಮಾತ್ರ" ಎಂದ.

ಹೊರಡುವ ದಿನ ನನ್ನ ಅಕ್ಕ ಒಂದು ಬಟ್ಟೆ ಚೀಲದಲ್ಲಿ ಇನ್ನೂರು ಹುಣಸೆಬೀಜ ಕಟ್ಟಿಕೊಟ್ಟಳು. ಈ ಸಲ ವಾಪಸ್ ಕೇಳಲಿಲ್ಲ. ಮೊಮ್ಮಗ ಅವಳ ಹತ್ತಿರ ಹೋಗಿ ಕಿವಿಯಲ್ಲಿ ಏನೋ ಕೇಳಿದ. ಅಕ್ಕ ಫೋಟೊದ ಕಡೆ ಒಮ್ಮೆ ನೋಡಿ, ಅವನ ಕಿವಿಯಲ್ಲಿ ಒಂದು ಹೆಸರು ಹೇಳಿದಳು. ಮನೆಯಲ್ಲಿ ಕರೆಯುತ್ತಿದ್ದ ಹೆಸರು. ಐವತ್ತು ವರ್ಷದಿಂದ ಆ ಹೆಸರು ಅವಳ ಬಾಯಲ್ಲಿ ಬಂದದ್ದನ್ನು ನಾನು ಕೇಳಿರಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ಭಾನುವಾರ ಮತ್ತೆ ಸೊರಟೂರಿನ ಕಾಳಗ ನಡೆಯಿತು. ಈ ಸಲ ಊಟದ ಮೇಜಿನ ಮೇಲೆ. ಮೊಮ್ಮಗ ಬೀಜಗಳನ್ನು ಒಂದೇ ಗುಂಪು ಮಾಡದೆ, ಕುದುರೆಗಳನ್ನು ಎರಡೂ ಪಕ್ಕದಲ್ಲಿ ಕಾವಲಿಟ್ಟು ನಿಧಾನವಾಗಿ ಆಡಿದ. ಆದರೂ ಸೋತ. ಆದರೆ ಸೋತೆನೆಂದು ಮುಖ ಊದಿಸಿಕೊಳ್ಳಲಿಲ್ಲ. ಉಳಿದ ಬೀಜಗಳ ನಡುವೆ ಬೆರಳಾಡಿಸಿ, ಬಿಳಿ ಚುಕ್ಕೆಯದನ್ನು ಹುಡುಕಿ ಎತ್ತಿಕೊಂಡು, ನನ್ನ ಫೋನು ತೆಗೆದುಕೊಂಡು ದೇವನೂರಿಗೆ ಫೋನ್ ಮಾಡಿದ.

"ದೊಡ್ಡಜ್ಜಿ, ನಾನು ಸೋತೆ. ಆದರೆ ಅವರು ಇವತ್ತು ವಾಪಸ್ ಬಂದರು."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಕ್ಕನ ದನಿ ನನಗೂ ಕೇಳಿಸಿತು.

"ಹಸಿದುಕೊಂಡು ಬಂದಿರ್ತಾನೆ ಕಣೋ. ಮೊದಲು ಊಟಕ್ಕೆ ಕೂರಿಸು."